ತೊಂಡೆಸೊಪ್ಪು ತಿಕ್ಕಿದ ಕಡತ

ದಫ್ತರದ ಮಾವನವರಿಗೆ ಶರಣು.

ಈ ಕಾಗದವನ್ನು ಶಾಯಿಯಲ್ಲಿ ಬರೆಯುತ್ತಿದ್ದೇನೆ, ಬಳಪದಲ್ಲಲ್ಲ. ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ "ಮಲ್ಲಪ್ಪ ಬರದ್ನಂತೆ, ಇನ್ನು ಯಾವಾಗ ಒರಸ್ತಾನೋ" ಎಂದು ನೀವು ಅಲ್ಲಿಂದಲೇ ಶುರು ಮಾಡುತ್ತೀರಿ. ನೀವು ಲಿಂಗೈಕ್ಯರಾಗಿ ಮೂರು ವರ್ಷವಾಯಿತು, ನಿಮ್ಮ ಕುಚೋದ್ಯ ಮಾತ್ರ ನನ್ನ ಕಿವಿ ಬಿಟ್ಟು ಹೋಗಿಲ್ಲ. ಎರಡು ಸುದ್ದಿ ಇವೆ. ಒಂದನ್ನು ಕೇಳಿದರೆ ಕುಣಿಯುತ್ತೀರಿ, ಇನ್ನೊಂದಕ್ಕೆ ನನ್ನನ್ನು ಬೈಯುತ್ತೀರಿ. ಸಾವಕಾಶವಾಗಿ ಹೇಳುತ್ತೇನೆ. ಕಚೇರಿಗೆ ಹೊತ್ತಾಯಿತು ಎನ್ನುವ ಅವಸರ ಈಗ ನಿಮಗೇನೂ ಇಲ್ಲವಲ್ಲ.

ನಾನು ಮೊದಲ ದಿನ ತಾಲ್ಲೂಕು ಕಚೇರಿಗೆ ಬಂದದ್ದು ನೆನಪಿದೆಯೇ? ಹೊಳಲ್ಕೆರೆ ಸಂತೆಬೀದಿಯ ಕಿರಾಣಿ ಅಂಗಡಿಯವರ ಮಗ, ಹೊಸ ಧೋತ್ರ, ಹೊಸ ರುಮಾಲು, ಮೈಸೂರು ಸರ್ಕಾರವೇ ನನ್ನ ಹೆಗಲ ಮೇಲಿದೆ ಎನ್ನುವ ಠೀವಿ. ದಫ್ತರದ ಕೋಣೆ ಎಲ್ಲಿ ಎಂದರೆ ಜವಾನ ನಗುತ್ತಾ ಹಿತ್ತಲ ಕಡೆ ಕೈ ತೋರಿಸಿದ. ಅಲ್ಲಿ ಸರ್ಕಾರದ ಹಳೇ ಪತ್ರಗಳಿಗಿಂತ ಮೊದಲು ಕಣ್ಣಿಗೆ ಬಿದ್ದದ್ದು ಮುರಿದ ಗಾಡಿಚಕ್ರ, ಜಪ್ತಿ ಮಾಡಿ ತಂದ ಹೆಂಡದ ಗಡಿಗೆಗಳು, ಗಂಟುಗಳ ಮೇಲೆ ಕಾವಿಗೆ ಕುಂತ ಒಂದು ಕೋಳಿ. ನೀವು ಆ ಕೋಳಿಯ ಎದುರು ಕುಕ್ಕರಗಾಲಲ್ಲಿ ಕುಂತು "ಏಳವ್ವ ತಾಯಿ, ಆ ಕೆಂಪು ಗಂಟು ಬೇಕಾಗೈತೆ" ಎಂದು ಬೇಡಿಕೊಳ್ಳುತ್ತಿದ್ದಿರಿ. ನನ್ನ ಠೀವಿ ಬಾಗಿಲಲ್ಲೇ ಇಳಿದುಹೋಯಿತು.

"ಬಾರಪ್ಪ, ಕುಂತ್ಕ" ಎಂದಿರಿ, ತಿರುಗಿ ನೋಡದೆಯೇ. "ನಿಂಗೆ ಕೊಡಾಕೆ ನಂಗೆ ಮಗಳಿಲ್ಲ. ಆದ್ರೂ ಮಾವ ಅನ್ನು. ಈ ಕೋಣ್ಯಾಗೆ ಸಾಹೇಬ ಗೀಹೇಬ ಅಂದ್ರೆ ಇಲಿಗಳು ನಗ್ತವೆ." ಅವತ್ತಿನಿಂದ ಹಿರಿಯೂರು ಕಡೆಯ ಆದಿವಾಲದ ತಿಪ್ಪಣ್ಣನವರು ನನಗೆ ಮಾವ ಆದಿರಿ. ನಿಮ್ಮ ಹೆಸರು ಹಿಡಿದು ಮಾತಾಡಿದ್ದು ಆಮೇಲೆ ಒಂದೇ ಒಂದು ಸಲ. ಅದೂ ಈ ಬೇಸಿಗೆಯಲ್ಲಿ, ತುಂಬಿದ ಕಚೇರಿಯಲ್ಲಿ. ಅದಕ್ಕೇ ಬರುತ್ತಿದ್ದೇನೆ, ತಡೆಯಿರಿ.

ನೀವು ಕಲಿಸಿದ ಪಾಠ ಒಪ್ಪಿಸುತ್ತೇನೆ, ಮರೆತಿಲ್ಲ ಎಂದು ತಿಳಿಯಲಿ. ಕಡತವೆಂದರೆ ಉದ್ದನೆಯ ಬಟ್ಟೆಗೆ ಇದ್ದಿಲಪುಡಿ, ಹುಣಸೆಬೀಜದ ಅಂಟು ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಎರಡು ಹಲಗೆಯ ನಡುವೆ ಕಟ್ಟಿದ ಕರೀ ಪುಸ್ತಕ. ಬರೆಯುವುದು ಬಿಳೀ ಬಳಪದಲ್ಲಿ. ಕಾಗದ ಬರುವ ಮುಂಚೆ ಊರೂರಿನ ಗಡಿ, ಕೆರೆ, ಹುಲ್ಲುಗಾವಲು, ದಾರಿ ಎಲ್ಲವೂ ಅದರಲ್ಲೇ. "ಗೆದ್ಲು ಕಾಗ್ದ ತಿಂತೈತೆ, ಕಡತ ತಿನ್ನಲ್ಲ. ಕಡತಕ್ಕೆ ಒಂದೇ ಶತ್ರು, ಮನುಷ್ಯನ ಕೈ" ಎಂದಿದ್ದಿರಿ. ಅಮಲ್ದಾರರ ಅಡುಗೆಯವನು ಬಚ್ಚಲ ಒಲೆ ಹೊತ್ತಿಸಲು ಹಳೇ ಕಾಗದ ಕೇಳಿಕೊಂಡು ಬಂದಾಗಲೆಲ್ಲ ನೀವು ಮನೆಯಿಂದ ತೆಂಗಿನಗರಿ ತಂದು ಕೊಡುತ್ತಿದ್ದಿರಿ. ತಾಲ್ಲೂಕಿಗೆ ದೊಡ್ಡವರು ಅಮಲ್ದಾರರು, ಅಮಲ್ದಾರರಿಗೆ ದೊಡ್ಡವನು ಅಡುಗೆಯವನು, ಅವನೊಡನೆ ಜಗಳ ಬೇಡ ಎನ್ನುವುದು ನಿಮ್ಮ ಲೆಕ್ಕಾಚಾರ.

ಇನ್ನು ಆ ನಾಲ್ಕು ದಿನದ ಮಾತು. ನೀವು ತಂಗಿಯ ಮಗಳ ಮದುವೆಗೆಂದು ಆದಿವಾಲಕ್ಕೆ ಹೋದಿರಿ. "ಏನೂ ಮುಟ್ಟಬ್ಯಾಡ, ಕೋಳಿಗೆ ನೀರಿಡು, ಸಾಕು" ಎಂದು ಹೇಳಿಯೇ ಹೋದಿರಿ. ನನಗೋ ಕೈ ತುರಿಕೆ. ನೀವು ಬರುವುದರೊಳಗೆ ಏನಾದರೂ ಮಾಡಿ ಭೇಷ್ ಅನ್ನಿಸಿಕೊಳ್ಳಬೇಕು! ಮೂಲೆಯಲ್ಲಿ ಒಂದು ಕಡತ ಬೂದು ಬಣ್ಣಕ್ಕೆ ತಿರುಗಿ, ಅಕ್ಷರ ಮಸುಕಾಗಿ ಬಿದ್ದಿತ್ತು. ನಮ್ಮ ಅಂಗಡಿಯಲ್ಲಿ ದೀಪಾವಳಿ ಬಂತೆಂದರೆ ನಾನು ಚಿಕ್ಕಂದಿನಿಂದ ಮಾಡುತ್ತಿದ್ದ ಕೆಲಸ ಒಂದೇ. ಹಳೇ ಕಡತಕ್ಕೆ ತೊಂಡೆಸೊಪ್ಪು ತಿಕ್ಕಿ ಒರೆಸುವುದು, ಹೊಸದಾಗಿ ಕಪ್ಪು ಬಳಿಯುವುದು, ಬಿಸಿಲಿಗೆ ಹಾಕುವುದು. ಅಪ್ಪ ಬೆನ್ನು ತಟ್ಟುತ್ತಿದ್ದರು. ಅಂಗಡಿಯಲ್ಲಿ ಯಾವುದಕ್ಕೆ ಬೆನ್ನು ತಟ್ಟುತ್ತಿದ್ದರೋ ದಫ್ತರದಲ್ಲಿ ಅದೇ ಮಹಾಪಾಪ ಎಂದು ಈ ಮಂಕನಿಗೆ ಹೇಗೆ ಹೊಳೆಯಬೇಕು?

ನೀವು ಗಾಡಿಯಿಂದ ಇಳಿದಾಗ ಕಡತ ಒಣಗಿ ಹಿತ್ತಲ ಹಗ್ಗದ ಮೇಲೆ ತೂಗುತ್ತಿತ್ತು, ಫಳಫಳ ಹೊಳೆಯುತ್ತಾ. ನಾನು ಓಡಿಬಂದು ಕೈ ತೋರಿಸಿ "ಹೆಂಗೈತೆ ಮಾವ?" ಎಂದೆ. ನೀವು ನೋಡಿದಿರಿ. ಮದುವೆಯ ಬುತ್ತಿಗಂಟು ನಿಮ್ಮ ಕೈಯಿಂದ ಜಾರಿ ಕರ್ಜಿಕಾಯಿ ಅಂಗಳದ ತುಂಬ ಉರುಳಿದವು. ಹಗ್ಗದ ಬಳಿ ಹೋಗಿ ಒಂದೊಂದೇ ಮಡಿಕೆಯನ್ನು ಬಿಸಿಲಿಗೆ ಹಿಡಿದು, ವಾರೆ ಮಾಡಿ, ಮೂಗಿನ ಹತ್ತಿರ ತಂದು ನೋಡಿದಿರಿ. ಹಳೆಯದರ ಒಂದು ಅಕ್ಷರವಾದರೂ... ಇಲ್ಲ. ಅಷ್ಟು ಚೆನ್ನಾಗಿ ಒರೆಸಿದ್ದೆ ನಾನು! ಆಗ ನಿಮ್ಮ ಮುಖ ನೋಡಿ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ನೀವು ಹೊಡೆದಿದ್ದರೆ ಎಷ್ಟೋ ವಾಸಿಯಿತ್ತು.

"ಯಾವೂರದು?" ಎಂದಿರಿ ಕೊನೆಗೆ. ಹಲಗೆಯ ಮೇಲಿನ ಚೀಟಿ ಓದಿದೆ. ರಾಮಗಿರಿ ಗುಡ್ಡದಾಚೆಯ ಕರೇಕಲ್ಲು ಹಟ್ಟಿ. ಕುರಿ ಕಾಯುವವರ ಊರು. ಅವರ ಹುಲ್ಲುಗಾವಲಿನಿಂದ ಕೆರೆಗೆ ಕುರಿ ಹೊಡೆದುಕೊಂಡು ಹೋಗುವ ದಾರಿ ಆ ಕಡತದಲ್ಲಿತ್ತು, ಮತ್ತೆಲ್ಲೂ ಇರಲಿಲ್ಲ. ಆ ದಾರಿ ಕೆಳಗಿನೂರ ರೈತರ ಹೊಲಗಳ ನಡುವೆ ಹೋಗುತ್ತದೆ. ಕಡತ ಇಲ್ಲವೆಂದರೆ ಯಾರು ಬೇಕಾದರೂ ಬೇಲಿ ಹಾಕಬಹುದು, ಹಾಕಿದರೆ ಬೇಸಿಗೆಯಲ್ಲಿ ಕುರಿಗಳಿಗೆ ನೀರಿಲ್ಲ. ಇಷ್ಟನ್ನು ನೀವು ಹೇಳಿದ್ದು ಎರಡೇ ಮಾತಿನಲ್ಲಿ. ಆಮೇಲೆ ಕರ್ಜಿಕಾಯಿಗಳನ್ನು ಮಣ್ಣು ಊದಿ ಊದಿ ಗಂಟಿಗೆ ಹಾಕಿದಿರಿ. "ನಡಿ, ಹೋಗಾಣ. ದಾರ್ಯಾಗೆ ತಿನ್ನಾಕೆ ಆತು."

ಹಟ್ಟಿಯಲ್ಲಿ ಆದ ಗಲಾಟೆ ನೆನೆದರೆ ಈಗಲೂ ನಗು ಬರುತ್ತದೆ. ನೀವು ಬೇವಿನ ಕಟ್ಟೆಯ ಮೇಲೆ ಕುಂತು "ನಿಮ್ಮ ದಾರಿ ಹೇಳ್ರಪ್ಪ, ತಿರುಗಿ ಬರ್ಕಂತೀವಿ" ಎಂದಿರಿ. ಹಟ್ಟಿಯ ಹಿರಿಯ ಈರಜ್ಜ ಕಣ್ಣು ಮುಚ್ಚಿ ಶುರು ಮಾಡಿದ: ಬಿಳೀ ಗುಂಡು, ಅಲ್ಲಿಂದ ಮುರುಕಲು ಬಾವಿ, ಅಲ್ಲಿಂದ ಜೋಡಿ ಹುಣಸೇಮರ ಎಡಕ್ಕೆ ಬಿಟ್ಟು... ಅವನ ತಮ್ಮ ಎದ್ದು ನಿಂತ. "ಎಡಕ್ಕಲ್ಲೋ, ಬಲಕ್ಕೆ! ನಾನೇನು ಕುರಿ ಕಾದಿಲ್ವಾ?" ಎಡ ಎಂದು ಅರ್ಧ ಹಟ್ಟಿ, ಬಲ ಎಂದು ಅರ್ಧ ಹಟ್ಟಿ. ಕೋಲುಗಳು ಮೇಲೇಳುವ ಹೊತ್ತಿಗೆ ಸಣ್ಣಕ್ಕಜ್ಜಿ ಉಣ್ಣೆ ನೂಲುತ್ತಿದ್ದ ಕದಿರು ಕೆಳಗಿಟ್ಟಳು. "ನಿಮ್ಮಿಬ್ರ ಬಾಯಿಗೆ ಮಣ್ಣಾಕ! ಹೋಗಾವಾಗ ಎಡಕ್ಕೆ, ಬರಾವಾಗ ಬಲಕ್ಕೆ. ಅಯ್ನೋರೆ, ಅಷ್ಟು ಬರ್ಕಳ್ರಿ, ಇವ್ರಿಗೆ ಬಿಟ್ರೆ ಕುರಿ ಬಾಯಾರಿ ಸಾಯ್ತವೆ." ನೀವು ನಕ್ಕದ್ದು ಆ ದಿನ ಅದೇ ಮೊದಲು. ನನಗೆ ಜೀವ ಬಂದ ಹಾಗಾಯಿತು.

ಹಟ್ಟಿಯವರು ಹೇಳಿದ್ದನ್ನು ಬರೆದು ಮುಗಿಸಿದೆವಲ್ಲ, ನಾನು ಹೊರಡಲು ಎದ್ದೆ. ನೀವು ಏಳಲಿಲ್ಲ. "ದಾರಿ ಬೇಕನ್ನೋರ ಬಾಯಿ ಆತು. ಇನ್ನು ದಾರಿ ಕೊಡೋರ ಬಾಯಿ ಬ್ಯಾಡ್ವೇನಲೇ?" ಎಂದಿರಿ. ಮಾರನೆಯ ದಿನ ಕೆಳಗಿನೂರಿಗೆ ಹೋಗಿ ಅಲ್ಲಿಯ ಸಿದ್ದಪ್ಪಗೌಡರ ಜಗಲಿಯಲ್ಲಿ ಕಡತ ಬಿಚ್ಚಿ, ಊರವರೆಲ್ಲರ ಮುಂದೆ ಗಟ್ಟಿಯಾಗಿ ಓದಿದಿರಿ. ಗೌಡರು ಒಂದು ಬೇವಿನ ಮರ ಬಿಟ್ಟುಹೋಗಿದೆ ಎಂದು ತಾವೇ ಸೇರಿಸಿದರು. ಹಟ್ಟಿಯ ಮೇಲಿಂದ ವಾಪಸು ಬರುವಾಗ ಸಣ್ಣಕ್ಕಜ್ಜಿ ಹಾದಿಗೆ ಬಂದು ನಿಮ್ಮ ಹೆಗಲಿಗೆ ಒಂದು ಕಂಬಳಿ ಎಸೆದಳು. ಬೇಡವೆಂದರೂ ಕೇಳಲಿಲ್ಲ. ನೀವು ಅದನ್ನು ಒಂದು ದಿನವೂ ಹೊದೆಯಲಿಲ್ಲ, ಕಡತಗಳಿಗೆ ಹೊದಿಸಿದಿರಿ. ಚಳಿಗಾಲದಲ್ಲಿ ನೀವು ನಡುಗುವುದು, ಕಡತಗಳು ಬೆಚ್ಚಗಿರುವುದು! ಏನು ಮನುಷ್ಯರು ಮಾವ ನೀವು?

ಕಡತದ ಕೊನೆಯ ಮಡಿಕೆಯಲ್ಲಿ ನೀವು ಬರೆದ ಸಾಲು ನನಗೆ ಬಾಯಿಪಾಠ. "ಈ ಕಡತ ದಫ್ತರದವನಾದ ನನ್ನ ಕೈಯಿಂದ ಅಳಿಸಿಹೋಯಿತು. ಹಟ್ಟಿಯವರೂ ಕೆಳಗಿನೂರವರೂ ಬಾಯಲ್ಲಿ ಹೇಳಿದ್ದನ್ನು ಕೇಳಿ ತಿರುಗಿ ಬರೆದದ್ದು. ತಿಪ್ಪಣ್ಣ." ನಾನು ನಿಮ್ಮ ಕೈ ಹಿಡಿದುಕೊಂಡೆ. "ಮಾವ, ಒರೆಸಿದ್ದು ನಾನು" ಎಂದೆ. ನೀವು ಬಳಪ ಕಿವಿಗೆ ಸಿಕ್ಕಿಸಿಕೊಂಡು, "ಬಂದು ಎರಡು ತಿಂಗಳಾಗಿಲ್ಲ, ನಿನ್ನ ಹೆಸರು ಬರದ್ರೆ ನಾಳೆ ನೀನು ಹೊಳಲ್ಕೆರ್ಯಾಗೆ ಬೆಲ್ಲ ತೂಗ್ತಿರ್ತೀಯ. ದಫ್ತರ ನನ್ನ ವಶದಾಗೈತೆ, ತಪ್ಪೂ ನಂದೇ. ಅಳಿಸಿದ್ದು ಬಚ್ಚಿಡಬಾರ್ದು, ಅಷ್ಟೇಯ" ಎಂದಿರಿ. ನಾನು ಸುಮ್ಮನಾದೆ. ಹೆದರಿದ್ದೆ, ಅದಕ್ಕೇ ಸುಮ್ಮನಾದೆ. ಬೇರೆ ಕಾರಣವಿಲ್ಲ.

ಆ ಸಾಲು ನಿಮಗೆ ಎಷ್ಟು ದುಬಾರಿಯಾಯಿತು ಎನ್ನುವುದನ್ನು ನಾನು ಪ್ರತಿವರ್ಷ ನೋಡಿದೆ. ಚಿತ್ರದುರ್ಗದ ದೊಡ್ಡ ಕಚೇರಿಗೆ ಹೋಗಬೇಕಾದ ಬಡ್ತಿ ನಿಮ್ಮ ಹೆಸರಿಗೆ ಬಂದು ಹಿಂದಕ್ಕೆ ಹೋಯಿತು. ದಫ್ತರಕ್ಕೆ ನಾಲ್ಕು ಗೋಡೆ, ಸೋರದ ಮಾಳಿಗೆ, ಒಂದು ಬೀಗ ಕೊಡಿ ಎಂದು ನೀವು ವರ್ಷವರ್ಷವೂ ಅರ್ಜಿ ಬರೆದಿರಿ. "ಇರುವುದನ್ನೇ ಅಳಿಸುವವರಿಗೆ ಹೊಸ ಕೋಣೆ ಏಕೆ" ಎಂಬ ಷರಾ ಹೊತ್ತು ಅದು ವಾಪಸು ಬರುತ್ತಿತ್ತು. ನೀವು ಬಿಡುವವರೇ? ಒಂದು ವರ್ಷ ಅರ್ಜಿಯ ಜೊತೆಗೆ ದೊನ್ನೆಯಲ್ಲಿ ಗೆದ್ದಲು ಕಟ್ಟಿ, "ಲಗತ್ತು: ಸದರಿ ಕೋಣೆಯ ಕಾಯಂ ನಿವಾಸಿಗಳು" ಎಂದು ಕಳಿಸಿದಿರಿ. ಶಿರಸ್ತೇದಾರರು ದೊನ್ನೆ ಬಿಚ್ಚಿ ಕುರ್ಚಿ ಬಿಟ್ಟು ಹಾರಿದ್ದನ್ನು ಕಚೇರಿಯಲ್ಲಿ ಇನ್ನೂ ಹೇಳಿಕೊಂಡು ನಗುತ್ತಾರೆ. ನಾನೂ ನಗುತ್ತಿದ್ದೆ. ನಕ್ಕು ಮುಗಿದ ಮೇಲೆ ಎದೆಯಲ್ಲಿ ಮುಳ್ಳು ಆಡುತ್ತಿತ್ತು.

ನೀವು ಹೋದ ದಿನ ನಾನು ಹೇಳಬೇಕೆಂದು ಬಂದಿದ್ದೆ, ಗೊತ್ತೇ? ನಾಳೆಯೇ ಅಮಲ್ದಾರರ ಮುಂದೆ ನಿಜ ಹೇಳುತ್ತೇನೆ ಮಾವ, ಎಂದು ಬಾಯಿಯವರೆಗೆ ತಂದಿದ್ದೆ. ನೀವು ಹಾಸಿಗೆಯಿಂದಲೇ "ಕೋಳಿ ಯಾವ ಗಂಟಿನ ಮ್ಯಾಲೈತೆ?" ಎಂದು ಕೇಳಿದಿರಿ. ಆದಿವಾಲದ ಗಂಟಿನ ಮೇಲೆ ಎಂದೆ. "ನನ್ನೂರು ಬೆಚ್ಚಗಿರ್ಲಿ ಬಿಡು" ಎಂದಿರಿ. ಆಮೇಲೆ ಮಾತಿಲ್ಲ. ನಾನು ಅತ್ತೆ, ಮಾವ. ಅಪ್ಪ ಹೋದಾಗಲೂ ಅಷ್ಟು ಅತ್ತಿರಲಿಲ್ಲ.

ಈ ಬೇಸಿಗೆಯಲ್ಲಿ, ಕೆರೆಯ ನೀರು ತಳ ಕಾಣುವ ಹೊತ್ತಿಗೆ, ಸಿದ್ದಪ್ಪಗೌಡರ ಮೊಮ್ಮಗ ಜೋಡಿ ಹುಣಸೇಮರದ ಬಳಿ ದಾರಿಗೆ ಅಡ್ಡ ಜಾಲಿಮುಳ್ಳಿನ ಬೇಲಿ ಹಾಕಿದ. ಹಟ್ಟಿಯವರು ಕುರಿಮಂದೆಯನ್ನೇ ಕಚೇರಿಯ ಮುಂದೆ ತಂದು ನಿಲ್ಲಿಸಿದರು. ಅಬ್ಬಬ್ಬಾ, ಆ ಬ್ಯಾ ಬ್ಯಾ ಗದ್ದಲಕ್ಕೇ ಅಮಲ್ದಾರರು ದುರ್ಗಕ್ಕೆ ಬರೆದಿರಬೇಕು! ವಿಚಾರಣೆಗೆ ಅಲ್ಲಿಂದ ಒಬ್ಬ ಸಾಹೇಬರು ಬಂದರು. ಹೆಚ್ಚು ಮಾತಿಲ್ಲದ, ಕನ್ನಡಕದ ಮೇಲಿಂದ ನೋಡುವ ಮನುಷ್ಯ. ಕಡತ ತರಿಸಿದರು. ಮೊಮ್ಮಗನ ಕಡೆಯ ವಕೀಲ ನಿಮ್ಮ ಕೊನೆಯ ಸಾಲನ್ನೇ ಓದಿ, "ಸ್ವಾಮೀ, ಅಳಿಸಿದ್ದು ತಾನೇ ಎಂದು ಇವನೇ ಒಪ್ಪಿದ್ದಾನೆ. ಕುರಿಯವರಿಂದ ಕಂಬಳಿಯ ಲಂಚ ತಿಂದು, ಹಳೆಯದನ್ನು ಒರೆಸಿ, ಅವರಿಗೆ ಬೇಕಾದ್ದು ಬರೆದಿದ್ದಾನೆ. ಆ ಕಂಬಳಿ ಈಗಲೂ ದಫ್ತರದಲ್ಲಿದೆ" ಎಂದ. ಕಚೇರಿಯ ತುಂಬ ಗುಸುಗುಸು. ನಿಮ್ಮನ್ನು ಕಳ್ಳ ಎಂದರು ಮಾವ. ನಾನು ಅಲ್ಲೇ ಕಂಬದ ಪಕ್ಕ ನಿಂತಿದ್ದೆ. ವಿಚಾರಣೆ ನಾಳೆಗೆ ಹೋಯಿತು.

ಮನೆಗೆ ಬಂದು ಊಟಕ್ಕೆ ಕುಂತವನು ಮುದ್ದೆ ಮುರಿಯದೆ ನಡೆದದ್ದೆಲ್ಲ ಹೇಳಿದೆ. ನನ್ನ ಹೆಂಡತಿ ಗಂಗಮ್ಮ ನಿಮಗೆ ಗೊತ್ತಲ್ಲ, ನಿಮ್ಮ ಗೆದ್ದಲಿಗೆ ದೊನ್ನೆ ಕಟ್ಟಿಕೊಟ್ಟವಳು. ಎಲ್ಲ ಕೇಳಿ, "ಈಗ ಏನು ಮಾಡ್ಬೇಕಂತೀರಿ?" ಎಂದಳು. ಕೆಲಸ ಹೋಗುತ್ತದೆ ಎಂದೆ. "ಹೋದ್ರೆ ಹೊಳಲ್ಕೆರ್ಯಾಗೆ ಅಂಗಡಿ ಐತೆ. ಬೆಲ್ಲ ತೂಗ್ರಿ, ನಾನು ಕಟ್ಟಿಕೊಡ್ತೀನಿ. ಆ ಮುದುಕಪ್ಪ ನಿಮ್ಮ ಹೆಸರು ಉಳಿಸ್ದ, ನೀವು ಅವ್ನ ಹೆಸರು ಕಳೀಬ್ಯಾಡ್ರಿ. ಮೊದ್ಲು ಮುದ್ದೆ ಉಣ್ರಿ, ಆರ್ತೈತೆ" ಎಂದಳು. ಇಷ್ಟು ಸಲೀಸಾದ ಮಾತಿಗೆ ನಾನು ಅಷ್ಟೊಂದು ವರ್ಷ ಏಕೆ ತಿಣುಕಿದೆನೋ!

ಮಾರನೆಯ ದಿನ ಸಾಹೇಬರು ಕುಂತ ಕೂಡಲೇ ಹೋಗಿ ನಿಂತೆ. "ತಿಪ್ಪಣ್ಣನವರು ಒರೆಸಲಿಲ್ಲ. ಅವರು ಮದುವೆಗೆ ಹೋಗಿದ್ದರು. ಒರೆಸಿದವನು ನಾನು" ಎಂದೆ. ವಕೀಲ ನಕ್ಕ. "ಸತ್ತವರ ಮೇಲಿನ ಭಕ್ತಿಗೆ ಹೀಗೆ ಹೇಳುತ್ತಾನೆ, ಸ್ವಾಮೀ. ರುಜುವಾತು ಎಲ್ಲಿ?" ನಿಜಕ್ಕೂ ಎಲ್ಲಿ? ಆಮೇಲೆ ಒಂದು ನೆನಪು ಬಂತು ನೋಡಿ. ಕಡತ ಎತ್ತಿಕೊಂಡು, ಮೊದಲ ಮಡಿಕೆ ಹಲಗೆಗೆ ಅಂಟಿದ್ದನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿದೆ. ಇತ್ತು! ಮೂರು ಗೆರೆ ವಿಭೂತಿ, ಅದರ ಕೆಳಗೆ ನನ್ನ ಸೊಟ್ಟ ಅಕ್ಷರದಲ್ಲಿ "ಲಾಭ". ನಮ್ಮ ಅಂಗಡಿಯಲ್ಲಿ ಕಪ್ಪು ಬಳಿದು ಒಣಗಿದ ಕಡತಕ್ಕೆ ಮೊಟ್ಟಮೊದಲು ಬರೆಯುವುದು ಅದನ್ನೇ. ಕೈ ರೂಢಿಯ ಮೇಲೆ ಸರ್ಕಾರದ ಕಡತಕ್ಕೂ ಬರೆದುಬಿಟ್ಟಿದ್ದೆ. ಸಾಹೇಬರು ಕನ್ನಡಕ ಸರಿಮಾಡಿಕೊಂಡು ಓದಿದರು. "ಕುರಿ ನೀರು ಕುಡಿಯೋ ದಾರಿಯಾಗೆ ಏನಪ್ಪ ನಿಂದು ಲಾಭ?" ಎಂದರು. ಇಡೀ ಕಚೇರಿ ಹೋ ಎಂದು ನಕ್ಕಿತು, ವಕೀಲನೂ. ಒಂದು ಹಾಳೆಯ ಮೇಲೆ ನನ್ನಿಂದ ಅದೇ ಅಕ್ಷರ ಬರೆಸಿ ನೋಡಿದರು. ಸೊಟ್ಟ ಹಾಗೇ ಇತ್ತು.

ಅದನ್ನು ನೀವು ನೋಡಿರಲಿಲ್ಲವೇ ಮಾವ? ಹಗ್ಗದ ಮೇಲೆ ಒಂದೊಂದೇ ಮಡಿಕೆ ಹಿಡಿದು ನೋಡಿದವರು ನೀವು. ಒಂದು ಒದ್ದೆ ಬಟ್ಟೆಯಲ್ಲಿ ಹೋಗುತ್ತಿತ್ತು, ಏಕೆ ಒರೆಸಲಿಲ್ಲ? ಎಂದಾದರೊಂದು ದಿನ ಈ ಹುಡುಗ ತಾನಾಗಿ ಬಂದು... ಇರಲಿ. ನೀವಂತೂ ಹೇಳುವವರಲ್ಲ.

ಆಮೇಲೆ ಸಿದ್ದಪ್ಪಗೌಡರನ್ನು ಗಾಡಿಯಲ್ಲಿ ಕರೆತಂದರು. ಈಗ ಕಿವಿ ಪೂರಾ ಕೇಳುವುದಿಲ್ಲ. ಸಾಹೇಬರು ಕಡತವನ್ನು ಅವರ ಕಿವಿಯ ಹತ್ತಿರ ಕೂಗಿ ಓದಿಸಿದರು. ಬೇವಿನ ಮರ ಬಂದ ಕೂಡಲೇ ಗೌಡರು ಕೋಲು ಕುಟ್ಟಿದರು. "ಅದು ನಾನೇ ಬರ್ಸಿದ್ದು! ತಿಪ್ಪಣ್ಣ ನಮ್ಮ ಜಗ್ಲಿ ಮ್ಯಾಲೆ ಕುಂತು ಬರದ. ಮಜ್ಜಿಗೆ ಕೊಟ್ರೆ, ಕೆಲ್ಸ ಮುಗೀಲಿ ಅಂದ. ಅವ್ನು ಕಂಬಳಿಗೆ ಬಾಯಿ ಬಿಡ್ತಾನಾ? ಯಾವನಲೇ ಅಂದೋನು?" ಮೊಮ್ಮಗ ತಲೆ ಬಗ್ಗಿಸಿದ. ಬೇಲಿಯನ್ನು ಅಂದು ಸಂಜೆಯೇ ಅವನೇ ಕಿತ್ತ. ಸಣ್ಣಕ್ಕಜ್ಜಿ ಈಗಿಲ್ಲ, ಅವಳ ಮೊಮ್ಮಗಳು ಮಂದೆಯ ಮುಂದೆ ನಡೆದಳು. ಹೋಗುವಾಗ ಎಡಕ್ಕೆ, ಬರುವಾಗ ಬಲಕ್ಕೆ.

ನನಗೆ ಶಿಕ್ಷೆ ಆಯಿತು. ಎರಡು ವರ್ಷ ಬಡ್ತಿ ಇಲ್ಲ. ನಿಮಗೆ ಜೀವಮಾನ, ನನಗೆ ಎರಡೇ ವರ್ಷ, ಇದೂ ಒಂದು ಅನ್ಯಾಯವೇ. ಹೊರಡುವ ಮೊದಲು ಸಾಹೇಬರು ದಫ್ತರ ನೋಡಬೇಕೆಂದರು. ನಾನು ನಿಮ್ಮ ಅರ್ಜಿಗಳ ಕಟ್ಟು ಕೈಗೆ ಕೊಟ್ಟೆ. ಓದುತ್ತಾ ಬಾಗಿಲು ದಾಟಿದರು ನೋಡಿ, ನಿಮ್ಮ ಕೋಳಿಯ ಮೊಮ್ಮಗಳೋ ಮರಿಮಗಳೋ, ಕಾವಿನಿಂದೆದ್ದು ಅವರ ರುಮಾಲಿಗೇ ಹಾರಿತು! ನಿಮ್ಮ ಅಷ್ಟು ವರ್ಷದ ಅರ್ಜಿ ಹೇಳಲಾರದ್ದನ್ನು ಅದು ಒಂದೇ ಗಳಿಗೆಯಲ್ಲಿ ಹೇಳಿಬಿಟ್ಟಿತು. ಕೋಣೆ ಮಂಜೂರಾಗಿ, ಕಟ್ಟಿಯೂ ಆಯಿತು ಮಾವ. ಕಲ್ಲುಚಪ್ಪಡಿಯ ಮಾಳಿಗೆ, ನಾಲ್ಕು ಗೋಡೆ, ದೊಡ್ಡ ಬೀಗ. ಬೀಗದ ಕೈ ಈಗ ನನ್ನ ಸೊಂಟದಲ್ಲಿದೆ. ಕೋಳಿಗೆ ಹೊರಗೆ ಬುಟ್ಟಿ ಇಟ್ಟಿದ್ದೇನೆ, ಸಿಟ್ಟಾಗಿದೆ. ಕಂಬಳಿ ಕಡತಗಳ ಮೇಲೆಯೇ ಇದೆ. ಇದು ನೀವು ಕುಣಿಯಬೇಕಾದ ಸುದ್ದಿ.

ಬೈಯಬೇಕಾದದ್ದು ಇನ್ನೊಂದು. ನಿಜ ಏನೆಂದು ಕಡತದಲ್ಲೇ ಬರೆದಿಡು ಎಂದು ಹುಕುಂ ಆಯಿತು. ಶಿರಸ್ತೇದಾರರು ಒದ್ದೆ ಬಟ್ಟೆ ತಂದುಕೊಟ್ಟು, "ಆ ಹಳೇ ಸಾಲು ಒರೆಸಿ ಸರಿಯಾಗಿ ಬರೆ, ಚೊಕ್ಕವಾಗಿರುತ್ತೆ" ಎಂದರು. ನಾನು ಬಟ್ಟೆಯನ್ನು ಅವರ ಕೈಗೇ ಮರಳಿಸಿದೆ. ನಿಮ್ಮ ಸಾಲಿನ ಕೆಳಗೆ ಬರೆದೆ: "ಅಳಿಸಿತೆಂದು ಮೇಲಿನ ಸಾಲಿನಲ್ಲಿ ಹೇಳಿರುವ ಕೈ ತಿಪ್ಪಣ್ಣನವರದಲ್ಲ. ಅವರು ಅಂದು ಊರಲ್ಲಿರಲಿಲ್ಲ. ಒರೆಸಿದವನು ನಾನು, ಮಲ್ಲಪ್ಪ." ನೀವು ದಫ್ತರದಲ್ಲಿ ಬರೆದ ಒಂದೇ ಒಂದು ಸುಳ್ಳು ಹಾಗೇ ಇರಲಿ ಮಾವ. ಓದುವವರು ಎರಡನ್ನೂ ಓದಲಿ. ಈ ಕಡತವನ್ನು ನಾನು ಒಂದು ಸಲ ಒರೆಸಿದ್ದು ಸಾಕು.

ನಿಮ್ಮ ಮಗಳನ್ನು ಕಟ್ಟಿಕೊಳ್ಳದ ಅಳಿಯ,
ಮಲ್ಲಪ್ಪ